ಆಟದ ಕ್ಯಾಶ್ ಕಡತಗಳು ಮತ್ತು ಕ್ಲೌಡ್ ಬ್ಯಾಕಪ್: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ

ಪಾಠದ ಉದ್ದೇಶ

ಗ್ರಾಮ ಪಂಚಾಯಿತಿ ಕಚೇರಿಯಲ್ಲಿಯೂ ಅರಿವು ಕೇಂದ್ರದಲ್ಲಿಯೂ ಇಂದು ಗಣಕಯಂತ್ರಗಳಿವೆ. ಕಚೇರಿಯ ಯಂತ್ರದಲ್ಲಿ ಪತ್ರಗಳು, ಸಭೆಯ ಟಿಪ್ಪಣಿಗಳು, ಕಾಮಗಾರಿಯ ಛಾಯಾಚಿತ್ರಗಳು ಇರುತ್ತವೆ. ಅರಿವು ಕೇಂದ್ರದ ಯಂತ್ರದಲ್ಲಿ ಮಕ್ಕಳ ಅಭ್ಯಾಸದ ಕಡತಗಳೊಡನೆ ಒಮ್ಮೊಮ್ಮೆ ಆಟಗಳೂ ಇರುತ್ತವೆ. ಆಟದ ತಂತ್ರಾಂಶವು ತನ್ನ ಅನುಕೂಲಕ್ಕಾಗಿ ಬರೆದಿಟ್ಟುಕೊಳ್ಳುವ ತಾತ್ಕಾಲಿಕ ಕಡತಗಳು ಕ್ಲೌಡ್ ಬ್ಯಾಕಪ್ ವ್ಯವಸ್ಥೆಯೊಡನೆ ಘರ್ಷಿಸಿದಾಗ ಏನಾಗುತ್ತದೆ, ಕಚೇರಿಯ ದಾಖಲೆಗಳಿಗೆ ಅದರಿಂದ ಯಾವ ಅಪಾಯವಿದೆ ಮತ್ತು ಪಂಚಾಯಿತಿಯು ಕೈಗೊಳ್ಳಬಹುದಾದ ಕ್ರಮಗಳಾವುವು ಎಂಬುದನ್ನು ಈ ಪಾಠವು ವಿವರಿಸುತ್ತದೆ. ಗಣಕಯಂತ್ರವನ್ನು ಸ್ವತಃ ಬಳಸದ ಸದಸ್ಯರೂ ಸಭೆಯಲ್ಲಿ ಸರಿಯಾದ ಪ್ರಶ್ನೆ ಕೇಳುವಂತಾಗಬೇಕೆಂಬುದು ಇದರ ಆಶಯ.

ಪಂಚತಂತ್ರ, ಇ-ಸ್ವತ್ತು ಮುಂತಾದ ತಂತ್ರಾಂಶಗಳಲ್ಲಿ ದಾಖಲಿಸಿದ ಮಾಹಿತಿಯು ರಾಜ್ಯದ ಸರ್ವರ್‌ನಲ್ಲಿ ಇರುತ್ತದೆ. ಈ ಪಾಠದ ವಿಷಯ ಅದಲ್ಲ. ಸ್ಥಳೀಯ ಗಣಕಯಂತ್ರದ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಮತ್ತು ಪಿಕ್ಚರ್ಸ್ ಫೋಲ್ಡರ್‌ಗಳಲ್ಲಿ ಉಳಿಯುವ ಕಡತಗಳಷ್ಟೇ ಇಲ್ಲಿ ಪ್ರಸ್ತುತ.

1. ಕ್ಯಾಶ್ ಕಡತ ಎಂದರೇನು

ಪಂಚಾಯಿತಿಯಲ್ಲಿ ಕ್ಯಾಶ್ ಎಂದೊಡನೆ ನಗದು ಪುಸ್ತಕ ನೆನಪಾಗುವುದು ಸಹಜ. ಗಣಕಯಂತ್ರದ ಕ್ಯಾಶ್ ಬೇರೆಯೇ ಪದ. ಹಣಕ್ಕೂ ಅದಕ್ಕೂ ಸಂಬಂಧವಿಲ್ಲ. ಮತ್ತೆ ಮತ್ತೆ ಬೇಕಾಗುವುದನ್ನು ಪ್ರತಿ ಬಾರಿ ಹೊಸದಾಗಿ ಸಿದ್ಧಪಡಿಸುವ ಬದಲು ಕೈಗೆಟಕುವಂತೆ ಇಟ್ಟುಕೊಳ್ಳುವ ತಾತ್ಕಾಲಿಕ ಸಂಗ್ರಹವೇ ಕ್ಯಾಶ್. ಅಟ್ಟದ ಮೇಲಿನ ಮೂಟೆಯಿಂದ ಒಂದಷ್ಟು ಅಕ್ಕಿಯನ್ನು ತಂದು ಅಡುಗೆಮನೆಯ ಡಬ್ಬಿಯಲ್ಲಿ ಇಟ್ಟುಕೊಂಡಂತೆ. ಡಬ್ಬಿ ಬರಿದಾದರೆ ನಷ್ಟವಿಲ್ಲ; ಮೂಟೆಯಿಂದ ಮತ್ತೆ ತುಂಬಿಕೊಳ್ಳಬಹುದು.

ವಿಡಿಯೋ ಆಟಗಳಲ್ಲಿ ಈ ಸಂಗ್ರಹದ ಪ್ರಮಾಣ ದೊಡ್ಡದು. ಪರದೆಯ ಮೇಲೆ ಬೆಳಕು, ನೆರಳು, ನೀರಿನ ಅಲೆ ಇತ್ಯಾದಿಗಳನ್ನು ಮೂಡಿಸಲು ಶೇಡರ್ ಎಂಬ ಕಿರು ಕಾರ್ಯಕ್ರಮಗಳು ಬೇಕು. ಯಂತ್ರದಲ್ಲಿರುವ ಗ್ರಾಫಿಕ್ಸ್ ಕಾರ್ಡ್‌ಗೂ ಅದರ ಚಾಲಕ ತಂತ್ರಾಂಶಕ್ಕೂ ಹೊಂದುವಂತೆ ಅವನ್ನು ಪರಿವರ್ತಿಸಬೇಕಾಗುತ್ತದೆ. ಪರಿವರ್ತನೆಗೆ ಸಮಯ ಹಿಡಿಯುವುದರಿಂದ ಫಲಿತಾಂಶವನ್ನು ಶೇಡರ್ ಕ್ಯಾಶ್ ಎಂದು ಡಿಸ್ಕ್‌ನಲ್ಲಿ ಬರೆದಿಡಲಾಗುತ್ತದೆ. ಸಣ್ಣ ಚಿತ್ರಗಳು, ಅಂತರಜಾಲದಿಂದ ತಂದ ತುಣುಕುಗಳು ಸಹ ಹೀಗೆಯೇ ಸೇರುತ್ತವೆ. ಒಂದು ಯಂತ್ರದ ಶೇಡರ್ ಕ್ಯಾಶ್ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಚಾಲಕ ತಂತ್ರಾಂಶ ಬದಲಾದರೆ ಅದೇ ಯಂತ್ರದಲ್ಲಿಯೂ ಅದನ್ನು ಹೊಸದಾಗಿ ಸಿದ್ಧಪಡಿಸಬೇಕಾಗುತ್ತದೆ. ಆದುದರಿಂದ ಇಂತಹ ಕಡತವನ್ನು ಕ್ಲೌಡ್‌ನಲ್ಲಿ ಕಾಪಾಡುವುದರಿಂದ ಯಾವ ಪ್ರಯೋಜನವೂ ಇಲ್ಲ.

ಇದಕ್ಕಿಂತ ಭಿನ್ನವಾದುದು ಉಳಿಸಿದ ಆಟದ ಕಡತ. ಆಟಗಾರನು ಎಲ್ಲಿಯವರೆಗೆ ಬಂದಿದ್ದಾನೆ, ಏನನ್ನು ಕಟ್ಟಿದ್ದಾನೆ ಎಂಬುದು ಅದರಲ್ಲಿರುತ್ತದೆ. ಅದು ಕಳೆದುಹೋದರೆ ಮತ್ತೆ ಸಿಗುವುದಿಲ್ಲ. ಪಂಚಾಯಿತಿಯ ಪರಿಭಾಷೆಯಲ್ಲಿ ಹೇಳುವುದಾದರೆ, ಉಳಿಸಿದ ಆಟವು ನಡವಳಿ ಪುಸ್ತಕವಿದ್ದಂತೆ; ಕ್ಯಾಶ್ ಕಡತವು ಸಭೆ ನಡೆಯುವಾಗ ಗೀಚಿಕೊಂಡ ಕಚ್ಚಾ ಚೀಟಿಯಂತೆ.

2. ಸಿಂಕ್ ಎಂದರೇನು

ಒನ್‌ಡ್ರೈವ್, ಗೂಗಲ್ ಡ್ರೈವ್ ಮುಂತಾದ ಸೇವೆಗಳು ಆಯ್ದ ಫೋಲ್ಡರ್‌ನ ಮೇಲೆ ಸದಾ ಕಣ್ಣಿಟ್ಟಿರುತ್ತವೆ. ಯಾವುದೇ ಕಡತ ಹೊಸದಾಗಿ ಬಂದರೆ, ಬದಲಾದರೆ ಅಥವಾ ಅಳಿಸಿಹೋದರೆ ಅದೇ ಬದಲಾವಣೆಯನ್ನು ಕ್ಲೌಡ್‌ನಲ್ಲಿಯೂ, ಅದೇ ಖಾತೆಯಿರುವ ಇತರ ಯಂತ್ರಗಳಲ್ಲಿಯೂ ಮಾಡುತ್ತವೆ. ಇದಕ್ಕೆ ಸಿಂಕ್ ಎಂದು ಹೆಸರು.

ಸಿಂಕ್ ಮತ್ತು ಬ್ಯಾಕಪ್ ಒಂದೇ ಅಲ್ಲ ಎಂಬುದು ಈ ಪಾಠದ ಅತಿ ಮುಖ್ಯ ಅಂಶ. ಮೂಲಕ್ಕೆ ಏನಾದರೂ ಪ್ರತಿಯು ಹಾಗೆಯೇ ಉಳಿಯಬೇಕು, ಅದು ಬ್ಯಾಕಪ್. ಸಿಂಕ್‌ನಲ್ಲಿ ಮೂಲವನ್ನು ಅಳಿಸಿದರೆ ಪ್ರತಿಯೂ ಅಳಿಯುತ್ತದೆ. ಒನ್‌ಡ್ರೈವ್‌ನ ವೈಯಕ್ತಿಕ ಖಾತೆಯಲ್ಲಿ ಅಳಿಸಿದ ಕಡತವು ಮರುಬಳಕೆ ಬುಟ್ಟಿಯಲ್ಲಿ ಸಾಮಾನ್ಯವಾಗಿ 30 ದಿನ ಉಳಿದಿರುತ್ತದೆ. ಬಳಿಕ ಅದೂ ಇಲ್ಲ.

ವಿಂಡೋಸ್ ಯಂತ್ರಗಳಲ್ಲಿ ಒನ್‌ಡ್ರೈವ್ ಮೊದಲಿನಿಂದಲೇ ಇರುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮತ್ತು ಪಿಕ್ಚರ್ಸ್ ಫೋಲ್ಡರ್‌ಗಳ ಬ್ಯಾಕಪ್ ಕೂಡ ಚಾಲನೆಗೊಂಡಿರುವುದುಂಟು. ಹಾಗಾದಾಗ ಡಾಕ್ಯುಮೆಂಟ್ಸ್ ಫೋಲ್ಡರ್‌ನ ನಿಜವಾದ ಸ್ಥಳವೇ ಒನ್‌ಡ್ರೈವ್ ಫೋಲ್ಡರ್‌ನ ಒಳಕ್ಕೆ ಬದಲಾಗುತ್ತದೆ. ಬಳಸುವವರಿಗೆ ಹೊರನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ.

3. ಘರ್ಷಣೆ ಉಂಟಾಗುವ ಬಗೆ

ತಾತ್ಕಾಲಿಕ ಕಡತಗಳಿಗಾಗಿ ವಿಂಡೋಸ್‌ನಲ್ಲಿ ಆ್ಯಪ್‌ಡೇಟಾ ಎಂಬ ಫೋಲ್ಡರ್‌ನೊಳಗೆ ಲೋಕಲ್ ಎಂಬ ಪ್ರತ್ಯೇಕ ಸ್ಥಳವಿದೆ. ಒನ್‌ಡ್ರೈವ್‌ನ ಮೇಲೆ ಹೇಳಿದ ಬ್ಯಾಕಪ್ ಆ ಸ್ಥಳವನ್ನು ಮುಟ್ಟುವುದಿಲ್ಲ. ಎಲ್ಲ ಆಟಗಳೂ ತಮ್ಮ ಕ್ಯಾಶ್ ಅನ್ನು ಅಲ್ಲಿಯೇ ಇಟ್ಟಿದ್ದರೆ ತೊಂದರೆ ಬರುತ್ತಿರಲಿಲ್ಲ. ಆದರೆ ಅನೇಕ ಆಟಗಳು ಹಳೆಯ ರೂಢಿಯಂತೆ ಡಾಕ್ಯುಮೆಂಟ್ಸ್ ಫೋಲ್ಡರ್ ಅನ್ನೇ ಬಳಸುತ್ತವೆ.

ದಿ ಸಿಮ್ಸ್ 4 ಇದಕ್ಕೆ ಸ್ಪಷ್ಟ ನಿದರ್ಶನ. 2014ರಲ್ಲಿ ಬಿಡುಗಡೆಯಾದ ಈ ಆಟದ ಮೂಲ ಆವೃತ್ತಿಯು 2022ರ ಅಕ್ಟೋಬರ್‌ನಿಂದ ಉಚಿತವಾಗಿ ದೊರೆಯುತ್ತಿದೆ. ಮನೆ ಕಟ್ಟುವುದು, ಕುಟುಂಬವನ್ನು ನಡೆಸುವುದು ಇದರ ವಸ್ತು. ಡಾಕ್ಯುಮೆಂಟ್ಸ್‌ನೊಳಗೆ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಫೋಲ್ಡರ್, ಅದರೊಳಗೆ ದಿ ಸಿಮ್ಸ್ 4 ಎಂಬ ಫೋಲ್ಡರ್ ಉಂಟಾಗುತ್ತದೆ. ಉಳಿಸಿದ ಆಟಗಳಿರುವ ಸೇವ್ಸ್ ಫೋಲ್ಡರ್ ಅಲ್ಲಿಯೇ ಇದೆ. ಲೋಕಲ್‌ಥಂಬ್‌ಕ್ಯಾಶ್ ಎಂಬ ಕ್ಯಾಶ್ ಕಡತವೂ ಅಲ್ಲಿಯೇ ಇದೆ. ಈ ಕ್ಯಾಶ್ ಕಡತವನ್ನು ಅಳಿಸಿದರೆ ಆಟವು ಅದನ್ನು ತಾನಾಗಿಯೇ ಮತ್ತೆ ರಚಿಸಿಕೊಳ್ಳುತ್ತದೆ. ಆಟ ಸರಿಯಾಗಿ ನಡೆಯದಿದ್ದಾಗ ಆಟಗಾರರು ಮೊದಲು ಮಾಡುವ ದುರಸ್ತಿಗಳಲ್ಲಿ ಇದೂ ಒಂದು. ಸೇವ್ಸ್ ಫೋಲ್ಡರ್ ಅಳಿಸಿದರೆ ಮಾತ್ರ ತಿಂಗಳುಗಳ ಆಟ ಹೋಗುತ್ತದೆ. ಉಳಿಯಬೇಕಾದುದೂ ಅಳಿದರೆ ಚಿಂತೆಯಿಲ್ಲದುದೂ ಒಂದೇ ಫೋಲ್ಡರ್‌ನಲ್ಲಿವೆ. ಸಿಂಕ್ ವ್ಯವಸ್ಥೆಗೆ ಇವೆರಡರ ಭೇದ ತಿಳಿಯದು.

ಇದರಿಂದ ಐದು ಬಗೆಯ ತೊಂದರೆಗಳು ಉದ್ಭವಿಸುತ್ತವೆ.

(ಅ) ಕಡತಕ್ಕೆ ಬೀಗ: ಆಟವು ಕ್ಯಾಶ್ ಕಡತದಲ್ಲಿ ಬರೆಯುತ್ತಿರುವಾಗಲೇ ಸಿಂಕ್ ತಂತ್ರಾಂಶವು ಅದನ್ನು ಓದಲು ತೆರೆಯಬಹುದು. ಒಂದು ತಂತ್ರಾಂಶವು ಕಡತವನ್ನು ಹಿಡಿದಿರುವಾಗ ಮತ್ತೊಂದು ಅದನ್ನು ಬದಲಾಯಿಸದಂತೆ ವಿಂಡೋಸ್ ತಡೆಯುವುದುಂಟು. ನಡವಳಿ ಪುಸ್ತಕದಲ್ಲಿ ಒಬ್ಬರು ಬರೆಯುತ್ತಿರುವಾಗ ಇನ್ನೊಬ್ಬರು ಪುಟ ಎಳೆದಂತೆ. ಪರಿಣಾಮವಾಗಿ ಆಟ ತಡವರಿಸುತ್ತದೆ, ಉಳಿಸಲು ವಿಫಲವಾಗುತ್ತದೆ ಅಥವಾ ನಿಂತುಹೋಗುತ್ತದೆ.

(ಆ) ಮುಗಿಯದ ಸರತಿ: ಕ್ಯಾಶ್ ಕಡತ ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. ಪ್ರತಿ ಬದಲಾವಣೆಯೂ ಸರತಿಯಲ್ಲಿ ನಿಲ್ಲುವುದರಿಂದ ಅದರ ಹಿಂದೆ ಮುಖ್ಯ ಕಡತಗಳೂ ಕಾಯಬೇಕಾಗುತ್ತದೆ.

(ಇ) ಜೋಡಿ ಪ್ರತಿಗಳು: ಎರಡು ಯಂತ್ರಗಳು ಒಂದೇ ಖಾತೆಯಲ್ಲಿದ್ದು ಎರಡರಲ್ಲಿಯೂ ಅದೇ ಆಟ ನಡೆದರೆ, ಒಂದೇ ಹೆಸರಿನ ಕಡತದ ಎರಡು ರೂಪಗಳು ಹುಟ್ಟುತ್ತವೆ. ಒನ್‌ಡ್ರೈವ್ ಇಂತಹ ಸಂದರ್ಭದಲ್ಲಿ ಒಂದರ ಹೆಸರಿನ ಕೊನೆಗೆ ಯಂತ್ರದ ಹೆಸರನ್ನು ಸೇರಿಸಿ ಎರಡನ್ನೂ ಉಳಿಸುತ್ತದೆ. ಉಳಿಸಿದ ಆಟಕ್ಕೆ ಹೀಗಾದರೆ ಯಾವುದು ಹೊಸದು, ಯಾವುದು ಹಳೆಯದು ಎಂಬ ಗೊಂದಲವಾಗುತ್ತದೆ.

(ಈ) ಬರಿಯ ಹೆಸರು: ಡಿಸ್ಕ್‌ನಲ್ಲಿ ಜಾಗ ಉಳಿಸಲು ಒನ್‌ಡ್ರೈವ್ ಕೆಲವು ಕಡತಗಳ ಹೆಸರನ್ನು ಮಾತ್ರ ಯಂತ್ರದಲ್ಲಿ ಉಳಿಸಿ, ಒಳಗಿನದನ್ನು ಕ್ಲೌಡ್‌ನಲ್ಲಿ ಇಡಬಲ್ಲದು. ಅಂತಹ ಕಡತದ ಪಕ್ಕದಲ್ಲಿ ಮೋಡದ ಚಿಹ್ನೆ ಕಾಣುತ್ತದೆ. ತೆರೆಯುವ ಹೊತ್ತಿಗೆ ಅಂತರಜಾಲ ಸಂಪರ್ಕವಿಲ್ಲದಿದ್ದರೆ ಕಡತ ತೆರೆಯದು.

(ಉ) ಜಾಗ ತುಂಬುವುದು: ಪಂಚಾಯಿತಿಗೆ ಅತ್ಯಂತ ಗಂಭೀರವಾದುದು ಇದು. ಮುಂದಿನ ಭಾಗದಲ್ಲಿ ಇದನ್ನು ಲೆಕ್ಕಸಹಿತ ನೋಡಬಹುದು.

4. ಒಂದು ಲೆಕ್ಕ

ಒನ್‌ಡ್ರೈವ್‌ನ ಉಚಿತ ಖಾತೆಯಲ್ಲಿ ದೊರೆಯುವ ಜಾಗ 5 ಜಿಬಿ. ಗೂಗಲ್ ಖಾತೆಯಲ್ಲಿ 15 ಜಿಬಿ ಇದ್ದರೂ ಅದು ಜಿಮೇಲ್, ಡ್ರೈವ್ ಮತ್ತು ಫೋಟೋಸ್ ಮೂರಕ್ಕೂ ಸೇರಿದ್ದು.

ಕಾಮಗಾರಿಯ ಒಂದು ಛಾಯಾಚಿತ್ರ 4 ಎಂಬಿ ಎಂದು ಇಟ್ಟುಕೊಂಡರೆ 5 ಜಿಬಿಯಲ್ಲಿ ಸುಮಾರು 1,250 ಚಿತ್ರಗಳು ಹಿಡಿಸುತ್ತವೆ. ಆಟದ ಫೋಲ್ಡರ್ ಒಂದು 3 ಜಿಬಿ ಆಕ್ರಮಿಸಿದರೆ ಉಳಿಯುವುದು 500 ಚಿತ್ರಗಳ ಜಾಗ. ಜಾಗ ಪೂರ್ತಿ ತುಂಬಿದ ದಿನದಿಂದ ಹೊಸ ಕಡತಗಳು ಮೇಲೇರುವುದು ನಿಲ್ಲುತ್ತದೆ. ಯಂತ್ರ ಎಂದಿನಂತೆ ನಡೆಯುತ್ತಿರುತ್ತದೆ, ಕಡತಗಳು ತೆರೆಯುತ್ತಿರುತ್ತವೆ. ಎಚ್ಚರಿಕೆಯ ಸೂಚನೆ ಪರದೆಯ ಮೂಲೆಯಲ್ಲಿ ಬಂದರೂ ದಿನದ ಕೆಲಸದ ನಡುವೆ ಯಾರೂ ಅದನ್ನು ಓದುವುದಿಲ್ಲ. ಆರು ತಿಂಗಳ ಬಳಿಕ ಡಿಸ್ಕ್ ಕೆಟ್ಟಾಗ, ಬ್ಯಾಕಪ್ ಇದೆ ಎಂದು ನಂಬಿದ್ದ ಕಡತಗಳು ಕ್ಲೌಡ್‌ಗೆ ಹೋಗಿಯೇ ಇರಲಿಲ್ಲ ಎಂಬುದು ಬೆಳಕಿಗೆ ಬರುತ್ತದೆ.

ಸಮಯದ ಲೆಕ್ಕವೂ ಹೀಗೆಯೇ. 1 ಜಿಬಿ ಎಂದರೆ ಸುಮಾರು 8,000 ಮೆಗಾಬಿಟ್. ಮೇಲೇರಿಸುವ ವೇಗ ಸೆಕೆಂಡಿಗೆ 2 ಮೆಗಾಬಿಟ್ ಇರುವ ಸಂಪರ್ಕದಲ್ಲಿ ಅದಕ್ಕೆ 4,000 ಸೆಕೆಂಡು, ಅಂದರೆ ಒಂದು ಗಂಟೆಗೂ ಮಿಕ್ಕಿ ಸಮಯ ಬೇಕು. ಅದೇ ಸಂಪರ್ಕವನ್ನು ಬಾಪೂಜಿ ಸೇವಾ ಕೇಂದ್ರವೂ ಬಳಸುತ್ತಿದ್ದರೆ, ಅಲ್ಲಿ ಅರ್ಜಿ ಸಲ್ಲಿಸಲು ಬಂದವರು ಕಾಯಬೇಕಾಗುವ ಕಾರಣಗಳಲ್ಲಿ ಇದೂ ಒಂದಾಗಬಹುದು.

5. ಒಂದೇ ಖಾತೆಯ ಅಪಾಯ

ಕಚೇರಿಯ ಯಂತ್ರಕ್ಕೂ ಅರಿವು ಕೇಂದ್ರದ ಯಂತ್ರಕ್ಕೂ ಒಂದೇ ಖಾತೆಯಿಂದ ಪ್ರವೇಶಿಸಲಾಗಿದೆ ಎಂದು ಭಾವಿಸೋಣ. ಎರಡು ಪ್ರತ್ಯೇಕ ಪಾಸ್‌ವರ್ಡ್ ನೆನಪಿಡುವ ತೊಂದರೆ ತಪ್ಪಿಸಲು ಯಾರಾದರೂ ಹಾಗೆ ಮಾಡಿರಬಹುದು. ಅದರ ಪರಿಣಾಮಗಳು ಎರಡು.

ಮೊದಲನೆಯದು: ಆಟ ನಿಧಾನವಾಗುತ್ತಿದೆ ಎಂದು ವಿದ್ಯಾರ್ಥಿಯೊಬ್ಬನು ಅರಿವು ಕೇಂದ್ರದ ಯಂತ್ರದಲ್ಲಿ ಜಾಗ ಮಾಡಲು ಒನ್‌ಡ್ರೈವ್ ಫೋಲ್ಡರ್‌ನ ಕಡತಗಳನ್ನು ಅಳಿಸುತ್ತಾನೆ. ಅವನ ದೃಷ್ಟಿಯಲ್ಲಿ ಅವು ಯಾರದೋ ಹಳೆಯ ಕಡತಗಳು. ಆದರೆ ಸಿಂಕ್ ಆ ಅಳಿಸುವಿಕೆಯನ್ನು ಕಚೇರಿಯ ಯಂತ್ರಕ್ಕೂ ಒಯ್ಯುತ್ತದೆ. ಗ್ರಾಮ ಸಭೆಯ ಫಲಾನುಭವಿಗಳ ಕರಡು ಪಟ್ಟಿ ಅಲ್ಲಿದ್ದರೆ ಅದೂ ಹೋಗುತ್ತದೆ. 30 ದಿನಗಳೊಳಗೆ ಯಾರೂ ಗಮನಿಸದಿದ್ದರೆ ಮರಳಿ ಪಡೆಯುವ ದಾರಿಯೂ ಮುಚ್ಚುತ್ತದೆ.

ಎರಡನೆಯದು: ಕಚೇರಿಯಲ್ಲಿ ಸ್ಕ್ಯಾನ್ ಮಾಡಿದ ಆಧಾರ್ ಪ್ರತಿಗಳು, ಬ್ಯಾಂಕ್ ಪಾಸ್‌ಬುಕ್‌ನ ಪುಟಗಳು, ಮೊಬೈಲ್ ಸಂಖ್ಯೆಗಳ ಪಟ್ಟಿಗಳು ಸಾರ್ವಜನಿಕರು ಕುಳಿತುಕೊಳ್ಳುವ ಯಂತ್ರದಲ್ಲಿ ತೆರೆದಿಟ್ಟಂತಾಗುತ್ತವೆ. ಪಿಂಚಣಿಗಾಗಿ ದಾಖಲೆ ಕೊಟ್ಟ ವೃದ್ಧೆಗೆ ತನ್ನ ಕಾಗದಗಳು ಅಲ್ಲಿಗೂ ತಲುಪಿವೆ ಎಂಬುದು ಗೊತ್ತಾಗುವ ಸಂಭವವೇ ಇಲ್ಲ. ಅವರ ಪರವಾಗಿ ಈ ಪ್ರಶ್ನೆ ಕೇಳಬೇಕಾದವರು ಸದಸ್ಯರು.

6. ಬೇರೆಡೆ ಅನುಸರಿಸಿರುವ ಕ್ರಮ

ಈ ಸಮಸ್ಯೆಗೆ ಪರಿಹಾರವಿಲ್ಲವೆಂದಲ್ಲ. ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಪ್ರತಿ ಆ್ಯಪ್‌ಗೂ ಕ್ಯಾಶ್‌ಗಾಗಿ ಪ್ರತ್ಯೇಕ ಫೋಲ್ಡರ್ ನಿಗದಿಯಾಗಿದೆ. ಸ್ವಯಂಚಾಲಿತ ಬ್ಯಾಕಪ್ ಅದನ್ನು ಬಿಟ್ಟೇ ಮುಂದುವರಿಯುತ್ತದೆ. ಒಂದು ಆ್ಯಪ್‌ಗೆ 25 ಎಂಬಿ ಎಂಬ ಮಿತಿಯೂ ಆ ಬ್ಯಾಕಪ್‌ಗೆ ಇದೆ. ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಶ್ ತೆರವುಗೊಳಿಸಲು ಒಂದು ಗುಂಡಿ, ಸಂಗ್ರಹವನ್ನು ತೆರವುಗೊಳಿಸಲು ಮತ್ತೊಂದು ಗುಂಡಿ ಇರುವುದನ್ನು ಸದಸ್ಯರು ಕಂಡಿರಬಹುದು. ಮೊದಲನೆಯದರಿಂದ ಹಾನಿಯಿಲ್ಲ, ಎರಡನೆಯದರಿಂದ ಆ್ಯಪ್‌ನಲ್ಲಿ ಇಟ್ಟುಕೊಂಡದ್ದೆಲ್ಲ ಹೋಗುತ್ತದೆ.

ಆಟಗಳನ್ನು ವಿತರಿಸುವ ಸ್ಟೀಮ್ ಎಂಬ ವೇದಿಕೆಯು 2008ರಿಂದ ಸ್ಟೀಮ್ ಕ್ಲೌಡ್ ಸೇವೆಯನ್ನು ನೀಡುತ್ತಿದೆ. ಆಟವನ್ನು ರಚಿಸಿದವರು ಸೂಚಿಸಿದ ಕಡತಗಳನ್ನು ಮಾತ್ರ ಅದು ಒಯ್ಯುತ್ತದೆ. ಸಾಮಾನ್ಯವಾಗಿ ಆಟವನ್ನು ಮುಚ್ಚಿದ ಬಳಿಕವೇ ಒಯ್ಯುವುದರಿಂದ ಬರೆಯುವ ಕೈಗೂ ನಕಲು ಮಾಡುವ ಕೈಗೂ ಜಗಳವಿಲ್ಲ. ಯಂತ್ರದ ಪ್ರತಿಗೂ ಕ್ಲೌಡ್‌ನ ಪ್ರತಿಗೂ ವ್ಯತ್ಯಾಸ ಕಂಡುಬಂದರೆ ಯಾವುದನ್ನು ಉಳಿಸಬೇಕೆಂದು ಆಟಗಾರನನ್ನೇ ಕೇಳುತ್ತದೆ.

ಎರಡೂ ಉದಾಹರಣೆಗಳಲ್ಲಿ ಒಂದೇ ತತ್ತ್ವವಿದೆ: ಯಾವುದು ದಾಖಲೆ, ಯಾವುದು ತಾತ್ಕಾಲಿಕ ಎಂಬುದನ್ನು ಮೊದಲೇ ಮನುಷ್ಯರು ತೀರ್ಮಾನಿಸಿ ಬೇರೆ ಬೇರೆ ಸ್ಥಳದಲ್ಲಿ ಇಟ್ಟಿದ್ದಾರೆ. ಯಂತ್ರವು ಆ ತೀರ್ಮಾನವನ್ನು ಪಾಲಿಸುತ್ತದೆ ಅಷ್ಟೆ. ಪಂಚಾಯಿತಿಯೂ ಅದನ್ನೇ ಮಾಡಬೇಕಾಗಿದೆ.

7. ಕೈಗೊಳ್ಳಬೇಕಾದ ಕ್ರಮಗಳು

ಆಟಗಳನ್ನು ಪೂರ್ತಿಯಾಗಿ ನಿಷೇಧಿಸುವುದು ಸುಲಭವೆಂದು ತೋರಬಹುದು. ಆದರೆ ಆಟದ ನೆಪದಿಂದಲೇ ಮೌಸ್ ಹಿಡಿಯಲು ಕಲಿತು ಮುಂದೆ ಪಾಠದ ಕಡೆಗೆ ತಿರುಗುವ ಮಕ್ಕಳಿದ್ದಾರೆ. ನಿಷೇಧದಿಂದ ಬ್ಯಾಕಪ್‌ನ ದೋಷವೂ ಸರಿಹೋಗುವುದಿಲ್ಲ. ವಿಡಿಯೋ ಸಂಪಾದನೆ, ಚಿತ್ರರಚನೆಯ ಕೆಲವು ತಂತ್ರಾಂಶಗಳೂ ಇದೇ ರೀತಿ ದೊಡ್ಡ ತಾತ್ಕಾಲಿಕ ಕಡತಗಳನ್ನು ಉಂಟುಮಾಡುತ್ತವೆ. ಪ್ರತ್ಯೇಕಿಸುವುದೇ ಸರಿಯಾದ ಮಾರ್ಗ.

(1) ಕಚೇರಿಯ ಯಂತ್ರಗಳಲ್ಲಿ ಆಟಗಳನ್ನು ಸ್ಥಾಪಿಸಬಾರದು. ಕಚೇರಿಯ ಖಾತೆಯನ್ನು ಅರಿವು ಕೇಂದ್ರದ ಯಂತ್ರದಲ್ಲಿ ಎಂದಿಗೂ ತೆರೆಯಬಾರದು. ಈಗಾಗಲೇ ತೆರೆದಿದ್ದರೆ, ಮೊದಲು ಆ ಯಂತ್ರದಲ್ಲಿ ಒನ್‌ಡ್ರೈವ್ ಸಂಪರ್ಕವನ್ನು ಕಡಿದು, ಕ್ಲೌಡ್‌ನಲ್ಲಿ ಕಡತಗಳು ಸುರಕ್ಷಿತವಾಗಿವೆ ಎಂದು ನೋಡಿ, ಬಳಿಕವೇ ಆ ಯಂತ್ರದಲ್ಲಿ ಉಳಿದ ಪ್ರತಿಗಳನ್ನು ಅಳಿಸಬೇಕು. ಈ ಕ್ರಮ ಹಿಂದುಮುಂದಾದರೆ ಮೂಲವೇ ಅಳಿಯುತ್ತದೆ.

(2) ಅರಿವು ಕೇಂದ್ರದ ಯಂತ್ರದಲ್ಲಿ ವಿದ್ಯಾರ್ಥಿಗಳಿಗೆ ವಿಂಡೋಸ್‌ನ ಪ್ರತ್ಯೇಕ ಸ್ಥಳೀಯ ಖಾತೆಯನ್ನು ರಚಿಸಬೇಕು. ಅದಕ್ಕೆ ನಿರ್ವಾಹಕನ ಅಧಿಕಾರ ಇರಬಾರದು. ಅದರಲ್ಲಿ ಒನ್‌ಡ್ರೈವ್‌ಗೆ ಪ್ರವೇಶಿಸಿರಬಾರದು. ಆಗ ಆಟದ ಕ್ಯಾಶ್ ಎಷ್ಟೇ ಬೆಳೆದರೂ ಅದು ಆ ಡಿಸ್ಕ್‌ನ ಸಮಸ್ಯೆ ಮಾತ್ರ.

(3) ವಿದ್ಯಾರ್ಥಿಗಳ ಉಳಿಸಿದ ಆಟ, ಚಿತ್ರ, ಪ್ರಾಜೆಕ್ಟ್‌ಗಳಿಗೂ ಬೆಲೆಯಿದೆ. ವಾರಕ್ಕೊಮ್ಮೆ, ಆಟಗಳನ್ನು ಮುಚ್ಚಿದ ಬಳಿಕ, ಅಂತಹ ಫೋಲ್ಡರ್‌ಗಳನ್ನು ಮಾತ್ರ ಪೆನ್‌ಡ್ರೈವ್ ಅಥವಾ ಹೊರಗಿನ ಡಿಸ್ಕ್‌ಗೆ ನಕಲು ಮಾಡಬಹುದು. ಗ್ರಂಥಾಲಯ ಮೇಲ್ವಿಚಾರಕರು ಇದನ್ನು ವಹಿಸಿಕೊಳ್ಳಬಹುದು.

(4) ಬ್ಯಾಕಪ್ ಚಾಲನೆಯಲ್ಲಿರುವ ಯಂತ್ರದಲ್ಲಿ ಆಟವನ್ನು ಬಳಸಲೇಬೇಕಾದ ಸಂದರ್ಭದಲ್ಲಿ, ಒನ್‌ಡ್ರೈವ್‌ನ ಮೋಡದ ಚಿಹ್ನೆಯನ್ನು ಒತ್ತಿ ಸಿಂಕ್ ಅನ್ನು 2, 8 ಅಥವಾ 24 ಗಂಟೆಗಳ ಕಾಲ ತಡೆಹಿಡಿಯಬಹುದು. ಇದು ತಾತ್ಕಾಲಿಕ ಉಪಾಯ. ಶಾಶ್ವತ ಪರಿಹಾರಕ್ಕೆ ಅದೇ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ನಿರ್ವಹಣೆಯನ್ನು ತೆರೆದು ಡಾಕ್ಯುಮೆಂಟ್ಸ್ ಫೋಲ್ಡರ್‌ನ ಬ್ಯಾಕಪ್ ನಿಲ್ಲಿಸಬೇಕು.

(5) ಕಚೇರಿಯ ದಾಖಲೆಗಳಿಗೆ ಮೂರು ಪ್ರತಿಗಳಿರಲಿ: ಒಂದು ಯಂತ್ರದಲ್ಲಿ, ಒಂದು ಬೀರುವಿನಲ್ಲಿಟ್ಟ ಹೊರಗಿನ ಡಿಸ್ಕ್‌ನಲ್ಲಿ, ಒಂದು ಕಚೇರಿಯ ಹೊರಗೆ ಅಥವಾ ಕಚೇರಿಗೆ ಅಧಿಕೃತವಾಗಿ ನೀಡಲಾದ ಕ್ಲೌಡ್ ಖಾತೆಯಲ್ಲಿ. ಸಿಬ್ಬಂದಿಯ ವೈಯಕ್ತಿಕ ಖಾತೆಯಲ್ಲಿ ಕಚೇರಿಯ ಕಡತಗಳು ಇರಬಾರದು. ಅವರು ವರ್ಗಾವಣೆಯಾದಾಗ ಕಡತಗಳೂ ಅವರೊಡನೆ ಹೋಗುತ್ತವೆ.

8. ಎಚ್ಚರಿಕೆಗಳು

ದುರಸ್ತಿ ಮಾಡುವಾಗಲೇ ಹೆಚ್ಚಿನ ನಷ್ಟ ಸಂಭವಿಸುವುದುಂಟು. ಆದುದರಿಂದ ಏನನ್ನೇ ಬದಲಾಯಿಸುವ ಮುನ್ನ ಎಲ್ಲ ಕಡತಗಳ ಒಂದು ಪ್ರತಿಯನ್ನು ಹೊರಗಿನ ಡಿಸ್ಕ್‌ಗೆ ತೆಗೆದಿಡಬೇಕು.

ಡಾಕ್ಯುಮೆಂಟ್ಸ್ ಬ್ಯಾಕಪ್ ನಿಲ್ಲಿಸಿದ ಮೇಲೆ ಆ ಫೋಲ್ಡರ್ ಬರಿದಾದಂತೆ ಕಾಣಬಹುದು. ಕಡತಗಳು ಕಳೆದುಹೋಗಿವೆ ಎಂದು ಗಾಬರಿಪಡಬೇಕಿಲ್ಲ. ಅವು ಒನ್‌ಡ್ರೈವ್ ಫೋಲ್ಡರ್‌ನ ಒಳಗೆ ಉಳಿದಿರುವ ಸಾಧ್ಯತೆಯಿದೆ. ಅಲ್ಲಿಂದ ಅವನ್ನು ಮರಳಿ ತರಬಹುದು.

ಒನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳನ್ನು ಆಯ್ಕೆಮಾಡುವ ಪಟ್ಟಿಯಿದೆ. ಅದರಲ್ಲಿ ಆಟದ ಫೋಲ್ಡರ್‌ನ ಗುರುತನ್ನು ತೆಗೆದರೆ ಬ್ಯಾಕಪ್ ಮಾತ್ರ ನಿಲ್ಲುತ್ತದೆ ಎಂದು ತಿಳಿಯುವುದು ತಪ್ಪು. ಆ ಫೋಲ್ಡರ್ ಕ್ಲೌಡ್‌ನಲ್ಲಿ ಉಳಿದು ಈ ಯಂತ್ರದಿಂದ ತೆಗೆದುಹಾಕಲ್ಪಡುತ್ತದೆ. ಆಟಕ್ಕೆ ಅದು ಸಿಗುವುದಿಲ್ಲ. ಕ್ಲೌಡ್‌ನಲ್ಲಿ ಜಾಗವೂ ಉಳಿಯುವುದಿಲ್ಲ.

9. ಸದಸ್ಯರ ಪಾತ್ರ

ಯಂತ್ರವನ್ನು ಸರಿಪಡಿಸುವುದು ಸದಸ್ಯರ ಕೆಲಸವಲ್ಲ. ದಾಖಲೆಗಳು ಉಳಿದಿವೆಯೇ ಎಂದು ವಿಚಾರಿಸುವುದು ಅವರ ಹೊಣೆ. ಬ್ಯಾಕಪ್ ಇದೆಯೇ ಎಂದು ಕೇಳಿದರೆ ಇದೆ ಎಂಬ ಉತ್ತರ ದೊರೆಯುತ್ತದೆ. ಆ ಉತ್ತರ ಸಾಲದು. ಕಳೆದ ತಿಂಗಳ ಒಂದು ಕಡತವನ್ನು ಬ್ಯಾಕಪ್‌ನಿಂದ ಬೇರೊಂದು ಯಂತ್ರದಲ್ಲಿ ತೆರೆದು ತೋರಿಸುವಂತೆ ಕೇಳಬೇಕು. ತೆರೆದರೆ ಬ್ಯಾಕಪ್ ಇದೆ, ತೆರೆಯದಿದ್ದರೆ ಇಲ್ಲ. ಇದಕ್ಕೆ ಐದು ನಿಮಿಷ ಸಾಕು.

ಸಾಮಾನ್ಯ ಸಭೆಯ ಪರಿಶೀಲನೆಗಾಗಿ ಠರಾವಿನ ಒಂದು ಮಾದರಿ ಹೀಗಿದೆ:

“ಗ್ರಾಮ ಪಂಚಾಯಿತಿ ಕಚೇರಿ ಮತ್ತು ಅರಿವು ಕೇಂದ್ರದ ಗಣಕಯಂತ್ರಗಳಿಗೆ ಪ್ರತ್ಯೇಕ ಖಾತೆಗಳನ್ನು ಬಳಸತಕ್ಕದ್ದು, ಕಚೇರಿಯ ದಾಖಲೆಗಳ ಪ್ರತಿಯನ್ನು ಪ್ರತಿ ವಾರ ಹೊರಗಿನ ಡಿಸ್ಕ್‌ಗೆ ತೆಗೆದು ಬೀಗದಲ್ಲಿಡತಕ್ಕದ್ದು, ಪ್ರತಿ ಸಾಮಾನ್ಯ ಸಭೆಯಲ್ಲಿ ಒಂದು ಕಡತವನ್ನು ಬ್ಯಾಕಪ್‌ನಿಂದ ತೆರೆದು ತೋರಿಸತಕ್ಕದ್ದು ಎಂದು ಸಭೆಯು ತೀರ್ಮಾನಿಸಿದೆ.”

10. ಚರ್ಚೆಗೆ ಪ್ರಶ್ನೆಗಳು

1. ಈ ಪಂಚಾಯಿತಿಯ ಯಾವ ಯಾವ ಕಡತಗಳು ಸ್ಥಳೀಯ ಯಂತ್ರದಲ್ಲಿ ಮಾತ್ರ ಇವೆ? ಅವು ಕಳೆದುಹೋದರೆ ಯಾರಿಗೆ ತೊಂದರೆಯಾಗುತ್ತದೆ?

2. ಕಚೇರಿಯ ಕ್ಲೌಡ್ ಖಾತೆ ಯಾರ ಹೆಸರಿನಲ್ಲಿದೆ? ಪಾಸ್‌ವರ್ಡ್ ಯಾರ ಬಳಿಯಿದೆ? ಅವರು ರಜೆಯಲ್ಲಿದ್ದಾಗ ವ್ಯವಸ್ಥೆಯೇನು?

3. ಆ ಖಾತೆಯಲ್ಲಿ ಒಟ್ಟು ಎಷ್ಟು ಜಾಗವಿದೆ, ಎಷ್ಟು ತುಂಬಿದೆ, ತುಂಬಿರುವುದು ಯಾವ ಕಡತಗಳಿಂದ?

4. ಅರಿವು ಕೇಂದ್ರದ ಯಂತ್ರವನ್ನು ತೆರೆದಾಗ ಕಚೇರಿಯ ಯಾವುದೇ ಕಾಗದ ಅಲ್ಲಿ ಕಾಣುತ್ತದೆಯೇ?

5. ಒಂದು ಕ್ಯಾಶ್ ಕಡತ, ಒಂದು ಉಳಿಸಿದ ಆಟ, ಒಂದು ನಡವಳಿಯ ಪ್ರತಿ: ಈ ಮೂರರಲ್ಲಿ ಯಾವುದನ್ನು ಎಲ್ಲಿ ಇಡಬೇಕು? ಕಾರಣ ಸಹಿತ ಚರ್ಚಿಸಿರಿ.

ನಾಲ್ಕನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದಲ್ಲಿ ಮುಂದಿನ ಸಭೆಯವರೆಗೆ ಕಾಯದೆ ಅದೇ ದಿನ 7ನೆಯ ಭಾಗದ ಮೊದಲ ಕ್ರಮವನ್ನು ಕೈಗೊಳ್ಳುವುದು ಅಗತ್ಯ.